ತಿಥಿ ಗೊತ್ತುಮಾಡಿದ ಅತಿಥಿಗಳು: ರೋಸ್ಟಾಕ್ ಬಂದರಿನ ವಿಯೆಟ್ನಾಮೀ ವಾಸಿಗಳು

ಹೊರಗಿನಿಂದ ಬಂದು ನೆಲೆಸುವವರಿಗೆ ಒಂದು ಭಾಷೆ ಯಾವ ಯಾವ ಹೆಸರುಗಳನ್ನು ಇಟ್ಟುಕೊಂಡಿದೆ ಎಂಬುದನ್ನು ಗಮನಿಸಿದರೆ, ಆ ಭಾಷೆಯನ್ನಾಡುವ ಸಮಾಜದ ಮನಸ್ಸು ಬಹುಮಟ್ಟಿಗೆ ತಿಳಿಯುತ್ತದೆ. ಸಂಸ್ಕೃತದಲ್ಲಿ ಮನೆಯಿಂದ ದೂರವಿದ್ದು ವಾಸಿಸುವುದನ್ನು ಹೇಳುತ್ತಿದ್ದ ‘ಪ್ರವಾಸ’ ಶಬ್ದವು ಇಂದಿನ ಕನ್ನಡದಲ್ಲಿ ನಾಲ್ಕು ದಿನ ಊರು ಸುತ್ತಿ ಬರುವುದಕ್ಕೆ ಸೀಮಿತವಾಗಿದೆ. ‘ಅನಿವಾಸಿ’ ಎಂದೊಡನೆ ಡಾಲರು ನೆನಪಾಗುತ್ತದೆ. ‘ವಲಸಿಗ’ ಎಂದೊಡನೆ ತಗಡಿನ ಶೆಡ್ಡು. ಇಂಗ್ಲಿಷಿನಿಂದ ಬಂದ ‘ಎಕ್ಸ್‌ಪ್ಯಾಟ್’ ಎಂಬ ಮಾತು ಮೇಲ್ವರ್ಗದ ಉದ್ಯೋಗಿಗೆ ಸಲ್ಲುತ್ತದೆಯೇ ಹೊರತು ಹಡಗಿನ ಸರಕು ಇಳಿಸುವವನಿಗಲ್ಲ. ಇಬ್ಬರೂ ಮಾಡುವುದು ಒಂದೇ. ಬೇರೊಬ್ಬರ ದೇಶದಲ್ಲಿ ಬಾಡಿಗೆ ಕಟ್ಟಿಕೊಂಡು ಬದುಕುವುದು.

ಜರ್ಮನ್ ಭಾಷೆ ಇದೇ ಸ್ಥಿತಿಗೆ ‘ಗಾಸ್ಟ್’ ಎಂಬ ಶಬ್ದವನ್ನು ಬಹುಕಾಲ ಬಳಸಿತು. ಗಾಸ್ಟ್ ಎಂದರೆ ಅತಿಥಿ. ಕನ್ನಡದ ಕಿವಿಗೆ ಇದು ಆದರದ ಮಾತಾಗಿ ಕೇಳುವುದು ಸಹಜ. ‘ಅತಿಥಿ’ ಶಬ್ದದ ಮೂಲ ಸಂಚಾರವನ್ನು ಸೂಚಿಸುವ ‘ಅತ್’ ಧಾತುವೆಂಬ ವಾದವಿದ್ದರೂ, ತಿಥಿ ಗೊತ್ತಿಲ್ಲದೆ ಬರುವವನೇ ಅತಿಥಿ ಎಂಬ ಸಾಂಪ್ರದಾಯಿಕ ವ್ಯುತ್ಪತ್ತಿಯೇ ನಮ್ಮ ಜನಮನದಲ್ಲಿ ಉಳಿದಿದೆ. ಯಾವಾಗ ಬರುತ್ತಾನೋ ತಿಳಿಯದು, ಯಾವಾಗ ಹೋಗುತ್ತಾನೆಂದು ಕೇಳಬಾರದು. ಉತ್ತರ ಜರ್ಮನಿಯ ಬಂದರು ನಗರಗಳ ಅತಿಥಿ ಇದಕ್ಕೆ ತೀರಾ ವಿರುದ್ಧವಾದವನು. ಅವನಿಗೆ ತಿಥಿಯುಂಟು, ಅದು ಹೊರಡುವ ತಿಥಿ. ಬಾಲ್ಟಿಕ್ ಸಮುದ್ರದ ದಂಡೆಯ ರೋಸ್ಟಾಕ್ ನಗರದಲ್ಲಿ ಬಾಳಿದ ವಿಯೆಟ್ನಾಮೀ ಕಾರ್ಮಿಕರ ಚರಿತ್ರೆಯನ್ನು ಈ ಒಂದು ಶಬ್ದದ ಮೂಲಕ ಓದಬಹುದಾಗಿದೆ.

ರೋಸ್ಟಾಕ್ ಬಹಳ ದೊಡ್ಡ ನಗರವಲ್ಲ. ಇಂದಿನ ಜನಸಂಖ್ಯೆ ಸುಮಾರು 2 ಲಕ್ಷ. ವಾರ್ನೋ ನದಿ ಅಗಲವಾಗಿ ಹರಡಿ ಸಮುದ್ರದತ್ತ ಸಾಗುವೆಡೆಯಲ್ಲಿ ಅದು ಬೆಳೆದಿದೆ; ನದಿಯ ಮುಖದಲ್ಲಿ ವಾರ್ನಮ್ಯುಂಡೆ ಎಂಬ ಬೆಸ್ತರ ಊರು, ಈಗ ವಿಹಾರತಾಣ. ನಗರದ ಹೆಸರೇ ಜರ್ಮನ್ ಅಲ್ಲ ಎಂಬುದು ಗಮನಾರ್ಹ. ಜರ್ಮನರು ಬರುವ ಮೊದಲು ಅಲ್ಲಿದ್ದ ಸ್ಲಾವ್ ಜನರ ಭಾಷೆಯಲ್ಲಿ, ನೀರು ಕವಲಾಗಿ ಹರಡುವ ಜಾಗವನ್ನು ಸೂಚಿಸುವ ಪದದಿಂದ ‘ರೋಸ್ಟಾಕ್’ ಹುಟ್ಟಿದೆ. 1218ರಲ್ಲಿ ಊರಿಗೆ ಲ್ಯೂಬೆಕ್ ನಗರದ ಕಾನೂನನ್ನು ಅನುಸರಿಸುವ ಹಕ್ಕು ದೃಢಪಟ್ಟಿತು; 1419ರಲ್ಲಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಮುಂದಿನ ಕಾಲದಲ್ಲಿ ಉತ್ತರ ಜರ್ಮನಿಯ ಅನೇಕ ಕುಶಲಕರ್ಮಿ ಸಂಘಗಳು ಸ್ಲಾವ್ ಮೂಲದವರಿಗೆ ಸದಸ್ಯತ್ವವನ್ನೇ ನಿರಾಕರಿಸಿದವು. ಹೆಸರು ಕೊಟ್ಟವರು ಹೊರಗಿನವರಾದರು. ಹೊರಗಿನಿಂದ ಬಂದವರು ಊರಿನವರಾದರು. ನಾಡುಗಳ ಚರಿತ್ರೆಯಲ್ಲಿ ಇದು ಅಪರೂಪದ ಸಂಗತಿಯೇನಲ್ಲ.

ಹಾನ್ಸಾ ವರ್ತಕ ಒಕ್ಕೂಟದ ನಗರಗಳಲ್ಲಿ ‘ಅತಿಥಿ’ ಎಂಬುದು ಒಂದು ಕಾನೂನುಬದ್ಧ ವರ್ಗವಾಗಿತ್ತು. ನಗರದ ಪೌರತ್ವವಿಲ್ಲದ ವ್ಯಾಪಾರಿಯೇ ಅತಿಥಿ. ಅವನು ಸರಕು ತರಬಹುದು. ಆದರೆ ಇನ್ನೊಬ್ಬ ಅತಿಥಿಯೊಡನೆ ನೇರವಾಗಿ ವ್ಯವಹರಿಸುವುದಕ್ಕೆ ನಿರ್ಬಂಧಗಳಿದ್ದವು. ಲಾಭದ ಒಂದು ಪಾಲು ಊರಿನ ವರ್ತಕನ ಕೈ ದಾಟಿಯೇ ಹೋಗಬೇಕಿತ್ತು. ಬಂದರು ಬದುಕುವುದು ಹೊರಗಿನವರಿಂದ. ಹಾಗಿದ್ದೂ, ಅಥವಾ ಬಹುಶಃ ಅದಕ್ಕಾಗಿಯೇ, ಹೊರಗಿನವರು ಎಲ್ಲಿಯವರೆಗೆ ಬರಬಹುದು ಎಂಬ ಗೆರೆಯನ್ನು ಬಂದರು ನಗರಗಳು ಬಹು ಎಚ್ಚರದಿಂದ ಎಳೆದಿವೆ.

ಎರಡನೆಯ ಮಹಾಯುದ್ಧದ ನಂತರ ಈ ನಗರಕ್ಕೆ ಹೊಸ ಪಾತ್ರ ದೊರೆಯಿತು. ಹಾಂಬುರ್ಗ್ ಪಶ್ಚಿಮ ಜರ್ಮನಿಯಲ್ಲಿ ಉಳಿಯಿತು. ಶ್ಟೆಟಿನ್ ಪೋಲೆಂಡಿಗೆ ಸೇರಿತು. ಪೂರ್ವ ಜರ್ಮನಿಯ ಸಮಾಜವಾದಿ ಸರ್ಕಾರಕ್ಕೆ ತನ್ನದೇ ಆದ ದೊಡ್ಡ ಬಂದರು ಬೇಕಾಯಿತು. 1960ರಲ್ಲಿ ರೋಸ್ಟಾಕಿನ ಹೊಸ ಸಾಗರೋತ್ತರ ಬಂದರು ತೆರೆಯಿತು. ಹಡಗುಕಟ್ಟೆಗಳು ಬೆಳೆದವು, ಸರ್ಕಾರಿ ಹಡಗು ಸಂಸ್ಥೆಯ ನೆಲೆ ಇಲ್ಲೇ ಆಯಿತು. ನಗರದ ವಾಯವ್ಯಕ್ಕೆ, ವಾರ್ನಮ್ಯುಂಡೆಗೆ ಹೋಗುವ ರೈಲು ಮಾರ್ಗದ ಬದಿಯಲ್ಲಿ, ಕಾಂಕ್ರೀಟ್ ಹಲಗೆಗಳನ್ನು ಜೋಡಿಸಿ ಕಟ್ಟಿದ ವಸತಿ ಬಡಾವಣೆಗಳು ಒಂದರ ಹಿಂದೊಂದು ಎದ್ದವು. 1970ರ ದಶಕದಲ್ಲಿ ಕಟ್ಟಿದ ಲಿಖ್ಟನ್‌ಹಾಗೆನ್ ಅವುಗಳಲ್ಲೊಂದು. ಅಲ್ಲಿನ ಹನ್ನೊಂದು ಅಂತಸ್ತಿನ ಒಂದು ಉದ್ದನೆಯ ಕಟ್ಟಡದ ಪಕ್ಕದ ಗೋಡೆಯ ಮೇಲೆ ಮೂರು ಬೃಹತ್ ಸೂರ್ಯಕಾಂತಿ ಹೂಗಳ ಚಿತ್ರಣವಿದೆ. ಜನ ಅದನ್ನು ‘ಸೂರ್ಯಕಾಂತಿ ಮನೆ’ ಎನ್ನುತ್ತಾರೆ. ಸೋರದ ಚಾವಣಿ, ಬಿಸಿನೀರು, ಕೇಂದ್ರೀಯ ತಾಪನ ವ್ಯವಸ್ಥೆ ಇವು ಅಂದಿನ ಪೂರ್ವ ಜರ್ಮನರಿಗೆ ದೊಡ್ಡ ಭಾಗ್ಯವಾಗಿದ್ದವು ಎಂಬುದನ್ನು ಮರೆಯಬಾರದು. ಈ ಬಡಾವಣೆಗಳನ್ನು ಮೊದಲಿನಿಂದಲೂ ಕೊಳೆಗೇರಿಗಳೆಂಬಂತೆ ಚಿತ್ರಿಸುವ ಬರಹಗಳು ಚರಿತ್ರೆಗೆ ನ್ಯಾಯ ಸಲ್ಲಿಸುವುದಿಲ್ಲ.

ವಿಯೆಟ್ನಾಮ್ ಮತ್ತು ಪೂರ್ವ ಜರ್ಮನಿಯ ನಡುವೆ ಕಾರ್ಮಿಕರನ್ನು ಕಳುಹಿಸುವ ಒಪ್ಪಂದವಾದದ್ದು 1980ರಲ್ಲಿ. ದೀರ್ಘ ಯುದ್ಧದಿಂದ ಜರ್ಜರಿತವಾದ ದೇಶಕ್ಕೆ ಸಾಲ ತೀರಿಸಬೇಕಿತ್ತು, ತರುಣರಿಗೆ ಉದ್ಯೋಗ ಬೇಕಿತ್ತು. ಪೂರ್ವ ಜರ್ಮನಿಯ ಕಾರ್ಖಾನೆಗಳಲ್ಲಿ ದುಡಿಯುವ ಕೈಗಳು ಸಾಲದಾಗಿದ್ದವು. 1989ರ ಕೊನೆಗೆ ಪೂರ್ವ ಜರ್ಮನಿಯಲ್ಲಿದ್ದ ವಿಯೆಟ್ನಾಮೀಯರು ಸುಮಾರು 60,000; ಮೊಜಾಂಬಿಕ್, ಕ್ಯೂಬಾ, ಅಂಗೋಲಾಗಳಿಂದ ಬಂದವರು ಬೇರೆ. ಸೂರ್ಯಕಾಂತಿ ಮನೆಯ ಒಂದು ಭಾಗದಲ್ಲಿ ವಾಸವಾಗಿದ್ದವರು ಸಾಗರೋತ್ತರ ಬಂದರಿನ ಕಾರ್ಮಿಕರು.

ಪಶ್ಚಿಮ ಜರ್ಮನಿ ಇಂಥವರನ್ನು ‘ಗಾಸ್ಟ್‌ಆರ್ಬೈಟರ್’, ಅಂದರೆ ಅತಿಥಿ ಕಾರ್ಮಿಕರು, ಎನ್ನುತ್ತಿತ್ತು. ಅದು ಬಂಡವಾಳಶಾಹಿಯ ಶೋಷಣೆಯ ಶಬ್ದವೆಂದು ಪೂರ್ವ ಜರ್ಮನಿ ಅದನ್ನು ದೂರವಿಟ್ಟಿತು. ‘ವಿದೇಶೀ ಶ್ರಮಜೀವಿಗಳು’ ಎಂದು ಕರೆಯಿತು. ಬೀದಿಯಲ್ಲಿ ಚಲಾವಣೆಯಲ್ಲಿದ್ದ ಮಾತು ಮಾತ್ರ ‘ಫಿಡ್ಶಿ’. ಫಿಜಿ ದ್ವೀಪದ ಹೆಸರಿನಿಂದ ಹುಟ್ಟಿದ ಈ ಹೀಯಾಳಿಕೆಯನ್ನು ಏಷ್ಯಾದ ಮುಖಚಹರೆಯುಳ್ಳ ಯಾರಿಗಾದರೂ ಅನ್ವಯಿಸುತ್ತಿದ್ದರು. ವಿಯೆಟ್ನಾಮಿಗೂ ಫಿಜಿಗೂ ಯಾವ ಸಂಬಂಧವೂ ಇಲ್ಲವೆಂಬುದು ಆಡುವವರಿಗೆ ಮುಖ್ಯವಾಗಿರಲಿಲ್ಲ.

ಶಬ್ದ ಬದಲಾದರೂ ಅತಿಥಿಯ ಸ್ಥಿತಿ ಬದಲಾಗಲಿಲ್ಲ. ಒಪ್ಪಂದದ ಅವಧಿ ಸಾಮಾನ್ಯವಾಗಿ ಐದು ವರ್ಷ. ಕುಟುಂಬವನ್ನು ಕರೆತರುವಂತಿಲ್ಲ. ವಾಸ ಕಾರ್ಖಾನೆಯ ವಸತಿಗೃಹದಲ್ಲಿ. ತಲೆಗೆ ಕನಿಷ್ಠ 5 ಚದರ ಮೀಟರು ಜಾಗ, ಕೋಣೆಗೆ ನಾಲ್ವರವರೆಗೆ. ಬಾಗಿಲಲ್ಲಿ ಕಾವಲು, ಸಂದರ್ಶಕರಿಗೆ ಹೊತ್ತಿನ ಮಿತಿ. ಭಾಷೆ ಕಲಿಸಲು ಕೆಲವು ವಾರಗಳ ತರಬೇತಿ. ಯಂತ್ರದ ಮುಂದೆ ನಿಲ್ಲಲು ಬೇಕಾದಷ್ಟು ಜರ್ಮನ್ ಬಂದರೆ ಸಾಕು ಎಂಬ ಧೋರಣೆ. ಸಂಬಳದ ಶೇಕಡಾ 12 ಭಾಗ ವಿಯೆಟ್ನಾಮ್ ಸರ್ಕಾರಕ್ಕೆ ಹೋಗುತ್ತಿತ್ತು. ಎಲ್ಲಕ್ಕಿಂತ ಕ್ರೂರವಾದ ನಿಯಮ ಹೆಣ್ಣುಮಕ್ಕಳದು: ಗರ್ಭ ನಿಂತರೆ ಗರ್ಭಪಾತ ಮಾಡಿಸಿಕೊಳ್ಳಬೇಕು, ಇಲ್ಲವೇ ದೇಶಕ್ಕೆ ಮರಳಬೇಕು. 1989ರವರೆಗೂ ಇದು ಜಾರಿಯಲ್ಲಿತ್ತು. ಮಗು ಹುಟ್ಟಿದರೆ ಅದು ಆ ಊರಿನಲ್ಲಿ ಹುಟ್ಟಿದ್ದಾಗುತ್ತದೆ. ಹುಟ್ಟಿದ ಊರನ್ನು ಯಾರಿಗಾದರೂ ಅವಧಿ ಮುಗಿಯಿತೆಂದು ಬಿಡಿಸುವುದು ಸುಲಭವಲ್ಲ. ಭ್ರಾತೃತ್ವವನ್ನು ಘೋಷಿಸಿದ ರಾಜ್ಯ ಇದನ್ನು ಚೆನ್ನಾಗಿಯೇ ಅರಿತಿತ್ತು.

ಆದರೆ ಇವರನ್ನು ಕೇವಲ ದೀನರೆಂದು ಕಾಣುವುದೂ ತಪ್ಪು. ಪೂರ್ವ ಜರ್ಮನಿಗೆ ಬರಲು ಆಯ್ಕೆಯಾಗುವುದು ವಿಯೆಟ್ನಾಮಿನಲ್ಲಿ ಗೌರವದ, ಅಸೂಯೆ ಹುಟ್ಟಿಸುವ ಅವಕಾಶವಾಗಿತ್ತು. ಯುದ್ಧದಲ್ಲಿ ಸೇವೆ ಸಲ್ಲಿಸಿದವರಿಗೆ, ಮಡಿದವರ ಮನೆಯವರಿಗೆ ಆದ್ಯತೆಯಿತ್ತು. ಬಂದವರು ಪಾಳಿ ಮುಗಿಸಿ ರಾತ್ರಿ ವಸತಿಗೃಹದಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಜೀನ್ಸ್ ಹೊಲಿದರು. ಅಂಗಡಿಯಲ್ಲಿ ಸಿಗದ ಪಶ್ಚಿಮದ ಮಾದರಿಯ ಪ್ಯಾಂಟನ್ನು ಜರ್ಮನ್ ಯುವಕರು ಇವರಿಂದ ಕೊಂಡರು. ಆ ಹಣದಲ್ಲಿ ಮೊಪೆಡ್, ಸೈಕಲ್ಲು, ಹೊಲಿಗೆ ಯಂತ್ರ, ಸಕ್ಕರೆ, ಸಾಬೂನುಗಳನ್ನು ಕೊಂಡು, ಮರದ ಪೆಟ್ಟಿಗೆಗಳಲ್ಲಿ ತುಂಬಿ ಹಡಗಿನಲ್ಲಿ ಊರಿಗೆ ಕಳುಹಿಸಿದರು. ಹಣ ಕಳುಹಿಸಿದರೆ ವಿನಿಮಯದಲ್ಲಿ ಕರಗುತ್ತಿತ್ತು, ಸಾಮಾನು ಕರಗುತ್ತಿರಲಿಲ್ಲ. ಒಂದು ಮೊಪೆಡ್ಡು ಇಡೀ ಮನೆಯ ಬದುಕನ್ನು ಮೇಲೆತ್ತಬಲ್ಲುದಾಗಿತ್ತು. ಅಂಗಡಿಗಳಲ್ಲಿ ಸರಕಿನ ಕೊರತೆಯಿದ್ದ ಪೂರ್ವ ಜರ್ಮನಿಯಲ್ಲಿ ಇದೇ ಖರೀದಿ ಊರವರ ಸಿಟ್ಟಿಗೂ ಕಾರಣವಾಯಿತು: ನಮ್ಮ ಸರಕನ್ನು ಅವರು ಬರಿದು ಮಾಡುತ್ತಿದ್ದಾರೆ ಎಂಬ ಮಾತು ಗೋಡೆ ಬೀಳುವ ಮೊದಲೇ ಹುಟ್ಟಿಕೊಂಡಿತ್ತು. 1992ರ ದ್ವೇಷವು ಪಶ್ಚಿಮದಿಂದ ಏಕಾಏಕಿ ಆಮದಾಯಿತೆನ್ನುವವರು ಈ ಹಿಂದಿನ ಕಥೆಯನ್ನು ಗಮನಿಸಬೇಕು.

1989ರ ನವೆಂಬರಿನಲ್ಲಿ ಬರ್ಲಿನ್ ಗೋಡೆ ಬಿತ್ತು. 1990ರ ಅಕ್ಟೋಬರಿನಲ್ಲಿ ಪೂರ್ವ ಜರ್ಮನಿ ಎಂಬ ದೇಶವೇ ಇಲ್ಲವಾಯಿತು. ಒಪ್ಪಂದಕ್ಕೆ ಸಹಿ ಹಾಕಿದ ಆತಿಥೇಯನೇ ಕಣ್ಮರೆಯಾದಾಗ ಅತಿಥಿಗಳ ಗತಿಯೇನು? ಕಾರ್ಖಾನೆಗಳು ಮುಚ್ಚಿದವು, ಮೊದಲು ಕೆಲಸ ಕಳೆದುಕೊಂಡವರಲ್ಲಿ ವಿದೇಶೀಯರಿದ್ದರು. ಒಪ್ಪಂದವನ್ನು ಬಿಟ್ಟು ಮರಳುವವರಿಗೆ 3000 ಮಾರ್ಕ್ ಪರಿಹಾರ ಮತ್ತು ವಿಮಾನದ ಟಿಕೆಟ್ಟು ದೊರೆಯಿತು. ಬಹುಪಾಲು ಜನ ಹೊರಟರು. ಉಳಿದವರಿಗೆ ಮೂಲ ಒಪ್ಪಂದದ ಅವಧಿಯವರೆಗೆ ಇರಲು ಅನುಮತಿ. ಆಮೇಲೆ ಏನೆಂಬುದು ಅನಿಶ್ಚಿತ. ಅವರು ಹೂವು, ತರಕಾರಿ, ಅಗ್ಗದ ಬಟ್ಟೆ ಮಾರಿದರು. ತಿಂಡಿಯ ಗಾಡಿ ಇಟ್ಟರು. ಕೆಲವರು ಸುಂಕ ತಪ್ಪಿಸಿ ತಂದ ಸಿಗರೇಟು ಮಾರಿದರು. ಪತ್ರಿಕೆಗಳು ಹೂವಿಗಿಂತ ಸಿಗರೇಟಿನ ಬಗ್ಗೆ ಹೆಚ್ಚು ಬರೆದವು.

ಇಷ್ಟರಲ್ಲಿ ರಾಜ್ಯ ಸರ್ಕಾರ ಸೂರ್ಯಕಾಂತಿ ಮನೆಯ ಪಕ್ಕದ ದ್ವಾರದಲ್ಲೇ ಆಶ್ರಯ ಕೋರುವವರ ಕೇಂದ್ರೀಯ ನೋಂದಣಿ ಕಚೇರಿಯನ್ನು ತೆರೆದಿತ್ತು. 1992ರಲ್ಲಿ ಜರ್ಮನಿಯಲ್ಲಿ ಆಶ್ರಯಕ್ಕಾಗಿ ಅರ್ಜಿ ಹಾಕಿದವರು 4,38,000ಕ್ಕೂ ಹೆಚ್ಚು. ಲಿಖ್ಟನ್‌ಹಾಗೆನ್ನಿನ ಕಚೇರಿಯೊಳಗೆ ಜಾಗ ಸಾಲದೆ ಅನೇಕರು, ಹೆಚ್ಚಾಗಿ ರುಮೇನಿಯಾದಿಂದ ಬಂದ ರೋಮಾ ಕುಟುಂಬಗಳು, ಎದುರಿನ ಹುಲ್ಲಿನ ಮೇಲೆ ರಾತ್ರಿಗಳನ್ನು ಕಳೆದರು. ಶೌಚಾಲಯದ ವ್ಯವಸ್ಥೆಯೂ ಇರಲಿಲ್ಲ. ನೆರೆಯವರ ದೂರುಗಳು ಬಂದವು. ನಗರಾಡಳಿತ ಮತ್ತು ರಾಜ್ಯ ಸರ್ಕಾರಗಳು ಹೊಣೆಯನ್ನು ಪರಸ್ಪರ ದೂಡಿದವು. ಆಡಳಿತ ಸೃಷ್ಟಿಸಿದ ಕೊಳಕು ಅಲ್ಲಿ ಮಲಗಿದ್ದವರ ಸ್ವಭಾವವೆಂದು ಪ್ರಚಾರವಾಯಿತು. ಗಲಭೆಯ ಮುನ್ನಾ ದಿನಗಳಲ್ಲಿ ಸ್ಥಳೀಯ ಪತ್ರಿಕೆಗಳು ಅನಾಮಧೇಯರ ಬೆದರಿಕೆಯ ಮಾತುಗಳನ್ನು ಅಚ್ಚುಮಾಡಿದವು. ಹಿಂಸೆ ಗುಟ್ಟಾಗಿ ಬರಲಿಲ್ಲ. ಮೊದಲೇ ಹೇಳಿಕೊಂಡು ಬಂದಿತು.

1992ರ ಆಗಸ್ಟ್ 22, ಶನಿವಾರ ಸಂಜೆ ಕಲ್ಲು ತೂರಾಟ ಆರಂಭವಾಯಿತು. ದಾಳಿ ಮಾಡಿದವರು ನೂರಾರು ಮಂದಿ. ನಿಂತು ನೋಡಿ ಚಪ್ಪಾಳೆ ತಟ್ಟಿದವರು ಸಾವಿರಾರು. ತಿಂಡಿಯ ಅಂಗಡಿಗಳು ಎಡೆಬಿಡದೆ ವ್ಯಾಪಾರ ಮಾಡಿದವು. ಮೂರನೆಯ ದಿನ, ಸೋಮವಾರ ಮಧ್ಯಾಹ್ನ ಆಶ್ರಯಾರ್ಥಿಗಳನ್ನು ಬಸ್ಸುಗಳಲ್ಲಿ ಬೇರೆಡೆಗೆ ಸಾಗಿಸಲಾಯಿತು. ಪಕ್ಕದ ದ್ವಾರದ ವಿಯೆಟ್ನಾಮೀಯರನ್ನು ಸಾಗಿಸಲಿಲ್ಲ. ಅವರು ಆಶ್ರಯಾರ್ಥಿಗಳಲ್ಲ, ವರ್ಷಗಳಿಂದ ಅಲ್ಲೇ ಇದ್ದ ಬಂದರಿನ ಕೆಲಸಗಾರರು. ಹಾಗಾಗಿ ಅಪಾಯವಿಲ್ಲವೆಂದು ಅಧಿಕಾರಿಗಳು ಭಾವಿಸಿದಂತಿದೆ. ಹೊರಗೆ ನೆರೆದ ಗುಂಪು ಅಂಥ ಸೂಕ್ಷ್ಮ ವಿಂಗಡಣೆಗಳನ್ನು ಮಾಡುವುದಿಲ್ಲ. ಆ ರಾತ್ರಿ ಪೊಲೀಸರು ಹಿಂದೆ ಸರಿದರು. ಪೆಟ್ರೋಲ್ ಬಾಂಬುಗಳು ಬಿದ್ದವು, ಕೆಳಗಿನ ಅಂತಸ್ತುಗಳಿಗೆ ಬೆಂಕಿ ಹತ್ತಿತು. ಅಗ್ನಿಶಾಮಕ ವಾಹನಗಳಿಗೆ ಜನ ದಾರಿ ಬಿಡಲಿಲ್ಲ.

ಒಳಗಿದ್ದವರು ನೂರಕ್ಕೂ ಹೆಚ್ಚು ವಿಯೆಟ್ನಾಮೀಯರು, ಅವರಲ್ಲಿ ಮಕ್ಕಳು, ಗರ್ಭಿಣಿಯರು. ಜತೆಗೆ ನಗರದ ವಿದೇಶೀಯರ ವ್ಯವಹಾರಗಳ ಅಧಿಕಾರಿ ವುಲ್ಫ್‌ಗಾಂಗ್ ರಿಖ್ಟರ್ ಮತ್ತು ಒಂದು ದೂರದರ್ಶನ ವಾಹಿನಿಯ ತಂಡ. ಹೊಗೆ ಏರುತ್ತಿದ್ದಂತೆ ಅವರೂ ಮೇಲೇರಿದರು. ಚಾವಣಿಯತ್ತ ಹೋಗುವ ಬಾಗಿಲುಗಳಿಗೆ ಬೀಗವಿತ್ತು, ಒಡೆದು ತೆರೆದರು. ಮಕ್ಕಳನ್ನೆತ್ತಿಕೊಂಡು, ಹನ್ನೊಂದು ಅಂತಸ್ತಿನ ಎತ್ತರದಲ್ಲಿ ಚಾವಣಿಯ ಮೇಲೆ ನಡೆದು ಪಕ್ಕದ ದ್ವಾರದಿಂದ ಇಳಿದರು. ಯಾರೂ ಸಾಯಲಿಲ್ಲ. ಈ ವಾಕ್ಯವನ್ನು ಆಡಳಿತದ ಸಮರ್ಥನೆಗೆ ಬಳಸಿದ್ದುಂಟು. ವಾಸ್ತವದಲ್ಲಿ ಅದು ಬೀಗ ಒಡೆದವರ ಕೀರ್ತಿ. ಒಳಗಿದ್ದವರ ಪೈಕಿ ಯುದ್ಧಕಾಲದ ವಿಯೆಟ್ನಾಮಿನಲ್ಲಿ ಬೆಳೆದವರಿದ್ದರು ಎಂಬುದನ್ನು ನೆನೆಯಬೇಕು. ಜೀವ ಉಳಿಸಿಕೊಳ್ಳುವ ಜಾಣ್ಮೆಯನ್ನು ಅವರು ಆತಿಥೇಯರಿಂದ ಕಲಿತದ್ದಲ್ಲ.

ನ್ಯಾಯಾಲಯದ ಕಥೆ ಚಿಕ್ಕದು. ಹೆಚ್ಚಿನವರಿಗೆ ಲಘು ಶಿಕ್ಷೆ. ಕೊನೆಯ ವಿಚಾರಣೆ ಮುಗಿದದ್ದು 2002ರಲ್ಲಿ, ಅದೂ ಅಮಾನತಿನಲ್ಲಿಟ್ಟ ಶಿಕ್ಷೆಗಳೊಂದಿಗೆ. ರಾಜಕೀಯದ ಪರಿಣಾಮ ಬೇಗ ಬಂದಿತು: 1993ರ ಮೇ ತಿಂಗಳಲ್ಲಿ ಜರ್ಮನ್ ಸಂಸತ್ತು ಸಂವಿಧಾನವನ್ನು ತಿದ್ದಿ ಆಶ್ರಯದ ಹಕ್ಕನ್ನೇ ಸಂಕುಚಿತಗೊಳಿಸಿತು. ಈ ಚರ್ಚೆ ರೋಸ್ಟಾಕಿಗಿಂತ ಮೊದಲೇ ನಡೆದಿತ್ತಾದರೂ, ಹೊತ್ತಿದ ಮನೆಯ ಚಿತ್ರಗಳು ಅದಕ್ಕೆ ವೇಗ ಕೊಟ್ಟವು. ಕಲ್ಲು ಎಸೆದವರ ಬೇಡಿಕೆಗೆ ಕಾನೂನಿನಲ್ಲಿ ಭಾಗಶಃ ಉತ್ತರ ದೊರೆಯಿತೆಂದು ಹೇಳಿದರೆ ಅದು ಅತಿಶಯೋಕ್ತಿಯಾಗದು. ಉತ್ತರದ ಊರುಗಳಲ್ಲಿ ಬೆಂಕಿ ಆರಲೂ ಇಲ್ಲ. 1992ರ ನವೆಂಬರಿನಲ್ಲಿ ಲ್ಯೂಬೆಕ್ ಸಮೀಪದ ಮೋಲ್ನ್ ಪಟ್ಟಣದಲ್ಲಿ ಟರ್ಕಿ ಮೂಲದ ಮೂವರು ಮನೆಯೊಳಗೇ ಸುಟ್ಟು ಸತ್ತರು. ಸ್ವತಃ ರೋಸ್ಟಾಕಿನಲ್ಲಿ, 2004ರ ಫೆಬ್ರವರಿಯಲ್ಲಿ, ನವನಾಜಿ ಭಯೋತ್ಪಾದಕರು ಮೆಹ್ಮೆತ್ ತುರ್ಗುತ್ ಎಂಬ ತರುಣನನ್ನು ತಿಂಡಿಯ ಅಂಗಡಿಯಲ್ಲಿ ಗುಂಡಿಕ್ಕಿ ಕೊಂದರು.

ಚರಿತ್ರೆಯ ಬರಹಗಳು ಸಾಮಾನ್ಯವಾಗಿ ಈ ಆಗಸ್ಟ್ ರಾತ್ರಿಗಳ ಸುತ್ತಲೇ ಸುತ್ತುತ್ತವೆ. ದಾಳಿಕೋರರ ವಯಸ್ಸು, ನಿರುದ್ಯೋಗ, ಪೊಲೀಸರ ಗೊಂದಲ ಇವೆಲ್ಲವೂ ಸವಿಸ್ತಾರವಾಗಿ ದಾಖಲಾಗಿವೆ. ಒಳಗಿದ್ದವರ ಮಾತು ದಾಖಲೆಗೆ ಬಂದದ್ದು ತಡವಾಗಿ. ರೋಮಾ ಕುಟುಂಬಗಳದು ಇನ್ನೂ ತಡವಾಗಿ. ಸಂಶೋಧಕರು ಇಲ್ಲಿ ಎಚ್ಚರದಿಂದಿರಬೇಕು. ನಾಲ್ಕೈದು ರಾತ್ರಿಯ ಹಿಂಸೆ ಒಂದು ಘಟನೆ. ಹತ್ತು ಹದಿನೈದು ವರ್ಷದ ವಾಸ ಒಂದು ಚರಿತ್ರೆ. ಘಟನೆಯನ್ನು ಮಾತ್ರ ಬರೆದರೆ ವಾಸಿಸಿದವರು ಗುರಿಗಳಾಗಿ ಮಾತ್ರ ಉಳಿಯುತ್ತಾರೆ.

ವಿಯೆಟ್ನಾಮೀಯರು ಆ ರಾತ್ರಿಗೆ ಕೊಟ್ಟ ಉತ್ತರ ಒಂದು ಸಂಘ. 1992ರ ಶರತ್ಕಾಲದಲ್ಲೇ, ಗಲಭೆಯ ಕೆಲವು ವಾರಗಳ ನಂತರ, ಅವರು ‘ಡಿಯೆನ್ ಹಾಂಗ್’ ಎಂಬ ಸಂಘವನ್ನು ಕಟ್ಟಿದರು. ಈ ಹೆಸರು ಸುಮ್ಮನೆ ಬಂದದ್ದಲ್ಲ. 1284ರಲ್ಲಿ ಮಂಗೋಲರ ಆಕ್ರಮಣ ಎದುರಾದಾಗ ಚಾನ್ ವಂಶದ ಅರಸ ನಾಡಿನ ಹಿರಿಯರನ್ನು ಅರಮನೆಗೆ ಕರೆಸಿ, ಶರಣಾಗೋಣವೇ ಕಾದಾಡೋಣವೇ ಎಂದು ಕೇಳಿದನೆಂದೂ, ಅವರೆಲ್ಲ ಕಾದಾಡೋಣವೆಂದರೆಂದೂ ವಿಯೆಟ್ನಾಮಿನ ಚರಿತ್ರೆ ಹೇಳುತ್ತದೆ. ಆ ಸಭೆಯ ಹೆಸರು ಡಿಯೆನ್ ಹಾಂಗ್. ಸಂಘದ ಹೆಸರಿಗೆ ಅವರು ಜರ್ಮನ್ ಭಾಷೆಯಲ್ಲಿ ಜೋಡಿಸಿದ ಮಾತು ‘ಒಂದೇ ಸೂರಿನಡಿ ಒಟ್ಟಾಗಿ’ ಎಂಬುದು. ಮೊದಲ ಭಾಗ ಊರವರಿಗೆ ಅರ್ಥವಾಗುವುದಿಲ್ಲ, ಎರಡನೆಯದು ಎಲ್ಲರಿಗೂ ಅರ್ಥವಾಗುತ್ತದೆ. ಒಳಗಿನವರಿಗೆ ಹೋರಾಟದ ನೆನಪು, ಹೊರಗಿನವರಿಗೆ ಸ್ನೇಹದ ಆಹ್ವಾನ. ಸಾಹಿತ್ಯದ ವಿದ್ಯಾರ್ಥಿಗೆ ಈ ದ್ವಿಭಾಷಾ ಹೆಸರು ಒಂದು ಕಿರುಕಾವ್ಯದಂತೆ ಕಾಣಬಹುದು.

ಸಂಘದ ಮುಂದಿದ್ದ ಮೊದಲ ಪ್ರಶ್ನೆ ಕಾಗದಪತ್ರದ್ದು. 1993ರಲ್ಲಿ ಸರ್ಕಾರ ಉಳಿದ ಒಪ್ಪಂದ ಕಾರ್ಮಿಕರಿಗೆ ಇರುವ ಅವಕಾಶವನ್ನು ಕೊಟ್ಟಿತು. ಆದರೆ ಸ್ವಂತ ಸಂಪಾದನೆಯ ಪುರಾವೆ ಬೇಕಿತ್ತು. ಕಾರ್ಖಾನೆಗಳೇ ಇಲ್ಲದ ಊರಿನಲ್ಲಿ ಆ ಪುರಾವೆಗಾಗಿ ಅವರು ಬೆಳಗಿನಿಂದ ರಾತ್ರಿಯವರೆಗೆ ಅಂಗಡಿ ತೆರೆದು ಕೂರಬೇಕಾಯಿತು. ಪೂರ್ವ ಜರ್ಮನಿಯಲ್ಲಿ ದುಡಿದ ವರ್ಷಗಳು ವಾಸದ ಲೆಕ್ಕಕ್ಕೆ ಸೇರಿದ್ದು 1997ರಲ್ಲಿ. ಅಲ್ಲಿಯವರೆಗೆ ಕಾನೂನಿನ ದೃಷ್ಟಿಯಲ್ಲಿ ಅವರ 1980ರ ದಶಕ ನಡೆದೇ ಇರಲಿಲ್ಲ. ಬಂದರಿನಲ್ಲಿ ಇಳಿಸಿದ ಸರಕಿನ ಲೆಕ್ಕವಿತ್ತು, ಇಳಿಸಿದವರ ವರ್ಷಗಳ ಲೆಕ್ಕವಿರಲಿಲ್ಲ.

ಈ ಕಾಲದ ಒಂದು ವಿಪರ್ಯಾಸವನ್ನು ಇಲ್ಲಿ ಹೇಳಲೇಬೇಕು. ಹೊರಗಿನವರು ತುಂಬಿಕೊಳ್ಳುತ್ತಾರೆಂದು ಹೆದರಿದ ನಗರ ನಿಜವಾಗಿ ಖಾಲಿಯಾಗುತ್ತಿತ್ತು. 1980ರ ದಶಕದ ಕೊನೆಯಲ್ಲಿ ಸುಮಾರು 2.5 ಲಕ್ಷವಿದ್ದ ಜನಸಂಖ್ಯೆ ಹೊಸ ಶತಮಾನದ ಆರಂಭಕ್ಕೆ ಸುಮಾರು 2 ಲಕ್ಷಕ್ಕೆ ಇಳಿಯಿತು. ರೋಸ್ಟಾಕಿನ ತರುಣರೇ ಕೆಲಸ ಹುಡುಕಿಕೊಂಡು ಪಶ್ಚಿಮಕ್ಕೆ ವಲಸೆ ಹೋದರು. 1996ರಲ್ಲಿ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಜನಸಂಖ್ಯಾ ಅಧ್ಯಯನ ಕೇಂದ್ರ ಇದೇ ಊರಿನಲ್ಲಿ ಆರಂಭವಾಯಿತು. ಜನರ ಹುಟ್ಟು, ಸಾವು, ವಲಸೆಗಳನ್ನು ಎಣಿಸುವ ವಿದ್ವಾಂಸರು ಅನೇಕ ದೇಶಗಳಿಂದ ಬಂದು ವಾರ್ನೋ ದಂಡೆಯಲ್ಲಿ ನೆಲೆಸಿದರು. ಅವರನ್ನು ಯಾರೂ ವಲಸಿಗರೆನ್ನಲಿಲ್ಲ. ಅವರದು ‘ಅಂತಾರಾಷ್ಟ್ರೀಯ’ ವಾಸ.

2012ರಲ್ಲಿ, ಇಪ್ಪತ್ತು ವರ್ಷ ತುಂಬಿದಾಗ, ಜರ್ಮನಿಯ ರಾಷ್ಟ್ರಾಧ್ಯಕ್ಷ ಯೋಆಖಿಮ್ ಗಾವುಕ್ ಲಿಖ್ಟನ್‌ಹಾಗೆನ್ನಿಗೆ ಬಂದು ಮಾತನಾಡಿದರು. ಅವರು ರೋಸ್ಟಾಕಿನಲ್ಲೇ ಹುಟ್ಟಿದವರು, ಇಲ್ಲೇ ಪಾದ್ರಿಯಾಗಿದ್ದವರು. ಸೂರ್ಯಕಾಂತಿ ಮನೆಯೆದುರು ಸ್ಮರಣಾರ್ಥವಾಗಿ ಒಂದು ಓಕ್ ಗಿಡ ನೆಡಲಾಯಿತು. ಕೆಲವೇ ದಿನಗಳಲ್ಲಿ ಯಾರೋ ಅದನ್ನು ಗರಗಸದಿಂದ ಕತ್ತರಿಸಿದರು. ಕತ್ತರಿಸಿದವರು ಬಲಪಂಥೀಯರಲ್ಲ, ಓಕ್ ಜರ್ಮನ್ ರಾಷ್ಟ್ರೀಯತೆಯ ಸಂಕೇತ, ಹಿಂಸೆಗೆ ಒಳಗಾದವರ ನೆನಪಿಗೆ ಅದು ಸಲ್ಲದು ಎಂದು ವಾದಿಸಿದ ಜನಾಂಗದ್ವೇಷ ವಿರೋಧಿಗಳು. ಕತ್ತರಿಸಿದ ಕ್ರಮವನ್ನು ಒಪ್ಪಲಾಗದಿದ್ದರೂ, ಆ ವಾದವನ್ನು ತಳ್ಳಿಹಾಕುವುದು ಕಷ್ಟ. ನೆನಪಿಗೆ ಯಾವ ಗಿಡ ಬೇಕೆಂದು ಮನೆಯೊಳಗಿದ್ದವರನ್ನು ಮೊದಲು ಕೇಳಬಹುದಾಗಿತ್ತು.

2015ರ ಶರತ್ಕಾಲದಲ್ಲಿ ಸಾವಿರಾರು ನಿರಾಶ್ರಿತರು ಸ್ವೀಡನ್ನಿಗೆ ಹಡಗು ಹತ್ತಲು ಇದೇ ರೋಸ್ಟಾಕ್ ಬಂದರಿಗೆ ಬಂದರು. ಈ ಬಾರಿ ನಗರದ ಸ್ವಯಂಸೇವಕರು ನಿಲ್ದಾಣದಲ್ಲಿ ಊಟ, ಹೊದಿಕೆ, ಟಿಕೆಟ್ಟಿನ ವ್ಯವಸ್ಥೆ ಮಾಡಿದರು. ಒಂದು ಊರಿಗೆ ಒಂದೇ ಮುಖವಿರುವುದಿಲ್ಲ ಎಂಬುದಕ್ಕೆ ಇದೂ ಸಾಕ್ಷಿ. ವಿಯೆಟ್ನಾಮೀಯರಿಗಾಗಿ ಹುಟ್ಟಿದ ಡಿಯೆನ್ ಹಾಂಗ್ ಸಂಘವೂ ಅಷ್ಟು ಹೊತ್ತಿಗೆ ಬೇರೆ ಬೇರೆ ದೇಶಗಳಿಂದ ಬಂದವರಿಗೆ ಜರ್ಮನ್ ಕಲಿಸುವ ಸಂಸ್ಥೆಯಾಗಿ ಬೆಳೆದಿತ್ತು. ಒಂದು ಕಾಲಕ್ಕೆ ಯಂತ್ರದ ಮುಂದೆ ನಿಲ್ಲುವಷ್ಟು ಭಾಷೆಯನ್ನು ಮಾತ್ರ ಪಡೆದಿದ್ದವರು ಕಟ್ಟಿದ ಶಾಲೆ ಅದು.

2017ರಲ್ಲಿ ನಗರವು ಬಿಳಿಯ ಕಲ್ಲಿನ ಐದು ಸ್ಮಾರಕ ಸ್ತಂಭಗಳನ್ನು ಬೇರೆ ಬೇರೆ ಕಡೆ ನಿಲ್ಲಿಸಿತು. ಸೂರ್ಯಕಾಂತಿ ಮನೆಯ ಬಳಿ ಒಂದು. ನಗರಸಭೆ, ಪೊಲೀಸ್ ಕಚೇರಿ, ಪತ್ರಿಕಾ ಕಚೇರಿಗಳ ಬಳಿಯೂ ಒಂದೊಂದು. ಹೊಣೆಯನ್ನು ಒಂದು ಬಡಾವಣೆಯ ತಲೆಗೆ ಕಟ್ಟದೆ ಊರಿಗೆಲ್ಲ ಹಂಚಿದ್ದು ಈ ಯೋಜನೆಯ ಹಿರಿಮೆ. ಆದರೆ ಐದರಲ್ಲಿ ಯಾವುದೂ ದಾಳಿಗೆ ಒಳಗಾದವರಿಗೆ ಮೀಸಲಾಗಿರಲಿಲ್ಲ. ಅವರಿಗಾಗಿ ಆರನೆಯ ಸ್ತಂಭವನ್ನು ಮರುವರ್ಷ, 2018ರಲ್ಲಿ, ಸೇರಿಸಲಾಯಿತು.